ಅರ್ಮೇನಿಯಾದ ಸೇನೆ ಮತ್ತು ಅದರ ವಿದೇಶ ನಂಟು: ಅಧ್ಯಯನ ಟಿಪ್ಪಣಿ

ಅಂತರರಾಷ್ಟ್ರೀಯ ಸಂಬಂಧಗಳ ಪರೀಕ್ಷೆಯಲ್ಲಿ ಅರ್ಮೇನಿಯಾದ ಪ್ರಶ್ನೆ ಬಂದರೆ ನಮ್ಮಲ್ಲಿ ಬಹುತೇಕರು "ರಷ್ಯಾದಿಂದ ದೂರ ಸರಿದು ಪಶ್ಚಿಮದ ಕಡೆ ವಾಲುತ್ತಿದೆ" ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತೇವೆ. ಆ ಸಾಲು ಅರ್ಧ ಮಾತ್ರ ಸರಿ. ಸರ್ಕಾರ ಹೊರಳಿದಷ್ಟು ಬೇಗ ಸೇನೆ ಹೊರಳುವುದಿಲ್ಲ. ಹೊಸ ಸ್ನೇಹಕ್ಕೆ ಸಹಿ ಹಾಕಲು ಒಂದು ದಿನ ಸಾಕು. ಟ್ಯಾಂಕು, ಕ್ಷಿಪಣಿ, ಅವುಗಳ ಬಿಡಿಭಾಗ, ಮದ್ದುಗುಂಡು, ಅಧಿಕಾರಿಗಳು ಕಲಿತ ಯುದ್ಧವಿದ್ಯೆ ಇವೆಲ್ಲ ಬದಲಾಗಲು ಒಂದು ತಲೆಮಾರೇ ಹಿಡಿಯುತ್ತದೆ. ಈ ಅಂತರವನ್ನು ಹಿಡಿದುಕೊಂಡರೆ ಕಳೆದ ಮೂವತ್ತು ವರ್ಷಗಳ ಘಟನೆಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

ಮೊದಲು ಭೂಪಟ ತೆರೆಯಿರಿ. 29,743 ಚದರ ಕಿ.ಮೀ. ವಿಸ್ತೀರ್ಣ, ಅಂದರೆ ಕರ್ನಾಟಕದ ಆರನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಜನಸಂಖ್ಯೆ 30 ಲಕ್ಷದ ಆಸುಪಾಸು. ಸಮುದ್ರವಿಲ್ಲ. ಟರ್ಕಿ ತನ್ನ ಗಡಿಯನ್ನು 1993ರಲ್ಲೇ ಮುಚ್ಚಿತು, ಅಜರ್‌ಬೈಜಾನ್ ಗಡಿಯೂ ದಶಕಗಳಿಂದ ಬಂದ್. ಹೊರಜಗತ್ತಿಗೆ ಉಳಿದ ನೆಲದ ದಾರಿ ಎರಡೇ: ಉತ್ತರಕ್ಕೆ ಜಾರ್ಜಿಯಾ, ದಕ್ಷಿಣಕ್ಕೆ ಇರಾನ್. ಇದರ ಜೊತೆಗೆ ಒಟ್ಟೋಮನ್ ಸಾಮ್ರಾಜ್ಯದಲ್ಲಿ 1915ರಲ್ಲಿ ನಡೆದ ನರಮೇಧದ ನೆನಪು ಪ್ರತಿ ಮನೆಯಲ್ಲೂ ಜೀವಂತವಾಗಿದೆ. ರಷ್ಯಾದ ಸೈನಿಕ ತಮ್ಮ ನೆಲದಲ್ಲಿರಲಿ ಎಂದು ಆ ಜನ ಏಕೆ ಬಯಸಿದರು ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ಸೇನೆ ಹುಟ್ಟಿದ ಬಗೆ

1991ರ ಸೆಪ್ಟೆಂಬರ್ 21ರ ಜನಮತಗಣನೆಯಲ್ಲಿ ಅರ್ಮೇನಿಯನ್ನರು ಸ್ವಾತಂತ್ರ್ಯವನ್ನು ಆರಿಸಿಕೊಂಡಾಗ ಅವರಿಗೊಂದು ಸೇನೆಯೇ ಇರಲಿಲ್ಲ. ಆದರೆ ಯುದ್ಧ ಆಗಲೇ ನಡೆಯುತ್ತಿತ್ತು. ಅಜರ್‌ಬೈಜಾನ್ ಗಣರಾಜ್ಯದೊಳಗಿದ್ದ, ಅರ್ಮೇನಿಯನ್ನರೇ ಹೆಚ್ಚಾಗಿದ್ದ ನಗೋರ್ನೊ-ಕರಾಬಾಖ್ ಪ್ರದೇಶಕ್ಕಾಗಿ 1988ರಿಂದಲೇ ಸಂಘರ್ಷ ಶುರುವಾಗಿತ್ತು. ಊರೂರಿನ ಸ್ವಯಂಸೇವಕ ತಂಡಗಳು ಮೊದಲು ಬಂದವು, ರಕ್ಷಣಾ ಸಚಿವಾಲಯ ಆಮೇಲೆ. 1992ರ ಜನವರಿ 28ರಂದು ಸಚಿವಾಲಯ ಸ್ಥಾಪನೆಯ ನಿರ್ಣಯವಾಯಿತು. ಆ ದಿನವನ್ನೇ ಇಂದಿಗೂ ಸೇನಾ ದಿನವಾಗಿ ಆಚರಿಸುತ್ತಾರೆ. ಚದುರಿದ ತಂಡಗಳನ್ನು ಸೇನೆಯಾಗಿ ಕಟ್ಟಿದವರಲ್ಲಿ ಪ್ರಮುಖರು ಮೊದಲ ರಕ್ಷಣಾ ಸಚಿವ ವಾಜ್‌ಗೆನ್ ಸರ್ಗ್ಸ್ಯಾನ್. ಮುಂದೆ ಪ್ರಧಾನಿಯಾಗಿದ್ದಾಗ, 1999ರ ಅಕ್ಟೋಬರ್ 27ರಂದು ಸಂಸತ್ತಿಗೆ ನುಗ್ಗಿದ ಬಂದೂಕುಧಾರಿಗಳು ಅವರನ್ನು ಕೊಂದರು.

1992ರ ಮೇನಲ್ಲಿ ಬೆಟ್ಟದ ಮೇಲಿನ ಶುಶಿ ಪಟ್ಟಣ ಅರ್ಮೇನಿಯನ್ ಪಡೆಗಳ ಕೈಸೇರಿತು. 1994ರ ಮೇನಲ್ಲಿ ಕದನವಿರಾಮವಾದಾಗ ಕರಾಬಾಖ್ ಮಾತ್ರವಲ್ಲ, ಅದರ ಸುತ್ತಲಿನ ಏಳು ಜಿಲ್ಲೆಗಳು ಪೂರ್ತಿಯಾಗಿಯೋ ಭಾಗಶಃವಾಗಿಯೋ ಅವರ ಹಿಡಿತದಲ್ಲಿದ್ದವು. ಈ ಗೆಲುವು ದೇಶದ ರಾಜಕೀಯವನ್ನೂ ರೂಪಿಸಿತು. ಮುಂದೆ ಅಧ್ಯಕ್ಷರಾದ ರಾಬರ್ಟ್ ಕೊಚರ್ಯಾನ್ ಮತ್ತು ಸೆರ್ಜ್ ಸರ್ಗ್ಸ್ಯಾನ್ ಇಬ್ಬರೂ ಕರಾಬಾಖ್‌ನವರು. ನನ್ನ ದೃಷ್ಟಿಯಲ್ಲಿ ಆ ಗೆಲುವಿನಿಂದಾದ ದೊಡ್ಡ ಹಾನಿಯೆಂದರೆ ಮೈಮರೆವು. ಒಮ್ಮೆ ಗೆದ್ದ ರೀತಿಯಲ್ಲೇ ಮತ್ತೆಯೂ ಗೆಲ್ಲಬಹುದು ಎಂಬ ನಂಬಿಕೆ ಬೇರೂರಿತು. ಅದೇ ಹೊತ್ತಿಗೆ ಎದುರಾಳಿ ತೈಲದ ಹಣದಲ್ಲಿ ಹೊಸ ಸೇನೆ ಕಟ್ಟುತ್ತಿದ್ದ.

ಮಾಸ್ಕೋ ನಂಟು

ಈ ಭಾಗವನ್ನು ನಿಧಾನವಾಗಿ ಓದಿ, ಪರೀಕ್ಷೆಯಲ್ಲಿ ಹೆಚ್ಚು ಎಡವುವುದು ಇಲ್ಲೇ.

ಗ್ಯುಮ್ರಿ ನಗರದಲ್ಲಿ ರಷ್ಯಾದ 102ನೇ ಸೇನಾ ನೆಲೆ ಇದೆ. 1995ರ ಒಪ್ಪಂದದ ಅವಧಿಯನ್ನು 2010ರಲ್ಲಿ 2044ರವರೆಗೆ ವಿಸ್ತರಿಸಿದರು. ರಾಜಧಾನಿ ಯೆರೆವಾನ್‌ನ ಎರೆಬುನಿ ವಿಮಾನ ನಿಲ್ದಾಣದಲ್ಲಿ ಯುದ್ಧವಿಮಾನಗಳು. ಟರ್ಕಿ ಮತ್ತು ಇರಾನ್ ಗಡಿಗಳಲ್ಲಿ 1992ರಿಂದ ರಷ್ಯಾದ ಗಡಿ ಕಾವಲುಗಾರರು. ಇದರ ಮೇಲೆ ಶಸ್ತ್ರಾಸ್ತ್ರ: ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಲೆಕ್ಕದಲ್ಲಿ 2011ರಿಂದ 2020ರ ನಡುವೆ ಅರ್ಮೇನಿಯಾ ತರಿಸಿಕೊಂಡ ಪ್ರಮುಖ ಶಸ್ತ್ರಗಳಲ್ಲಿ ಶೇ 94ರಷ್ಟು ರಷ್ಯಾದವು. ಅದೇ ಅವಧಿಯಲ್ಲಿ ಅಜರ್‌ಬೈಜಾನ್‌ಗೂ ಶೇ 60ರಷ್ಟು ಶಸ್ತ್ರ ಕೊಟ್ಟದ್ದು ಅದೇ ರಷ್ಯಾ. ಈ ಎರಡು ಅಂಕಿಗಳನ್ನು ಒಟ್ಟಿಗೇ ನೆನಪಿಡಿ.

ಇನ್ನು ರಷ್ಯಾದ ಮುಂದಾಳತ್ವದ, ಅರ್ಮೇನಿಯಾವೂ ಸೇರಿದ ಸಾಮೂಹಿಕ ಭದ್ರತಾ ಒಪ್ಪಂದ ಸಂಘಟನೆ, ಅಂದರೆ ಸಿಎಸ್‌ಟಿಒ. 1992ರ ಮೇ 15ರಂದು ತಾಷ್ಕೆಂಟ್‌ನಲ್ಲಿ ಒಪ್ಪಂದವಾಯಿತು, 2002ರಲ್ಲಿ ಅದು ಸಂಘಟನೆಯ ರೂಪ ಪಡೆಯಿತು. ಒಬ್ಬ ಸದಸ್ಯನ ಮೇಲಿನ ಆಕ್ರಮಣ ಎಲ್ಲರ ಮೇಲಿನ ಆಕ್ರಮಣ ಎನ್ನುತ್ತದೆ ಅದರ 4ನೇ ವಿಧಿ. ಸದಸ್ಯರಿಗೆ ರಷ್ಯಾದ ಶಸ್ತ್ರಗಳು ಅಲ್ಲಿನ ದೇಶೀಯ ಬೆಲೆಗೇ ಸಿಗುವ ಅನುಕೂಲವೂ ಇತ್ತು. ಬಡ, ಪುಟ್ಟ ದೇಶಕ್ಕೆ ಈ ಅಗ್ಗದ ಬೆಲೆಯೇ ದೊಡ್ಡ ಸೆಳೆತ.

ಹಾಗಾದರೆ 2020ರಲ್ಲಿ ಕರಾಬಾಖ್‌ಗಾಗಿ ಅಜರ್‌ಬೈಜಾನ್ ಜೊತೆ ಮತ್ತೆ ಯುದ್ಧವಾದಾಗ ಸಿಎಸ್‌ಟಿಒ ಅರ್ಮೇನಿಯಾದ ನೆರವಿಗೆ ಏಕೆ ಬರಲಿಲ್ಲ? ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಕರಾಬಾಖ್ ಅಜರ್‌ಬೈಜಾನ್‌ನ ಭಾಗ. ಅಲ್ಲಿ ನಡೆದ ಯುದ್ಧಕ್ಕೆ 4ನೇ ವಿಧಿ ಅನ್ವಯಿಸುವುದಿಲ್ಲ ಎಂಬ ವಾದಕ್ಕೆ ಕಾನೂನಿನ ಬಲವಿತ್ತು. 2022ರ ಕಥೆ ಬೇರೆ. ಆ ವರ್ಷದ ಸೆಪ್ಟೆಂಬರ್ 13 ಮತ್ತು 14ರಂದು ಅಜರ್‌ಬೈಜಾನ್ ಗುಂಡು ಹಾರಿಸಿದ್ದು ಜೆರ್ಮುಕ್, ಗೋರಿಸ್, ಸೋಟ್ಕ್ ಮೇಲೆ. ಇವು ಯಾವ ತಕರಾರೂ ಇಲ್ಲದ ಅರ್ಮೇನಿಯಾದ ನೆಲ. 200ಕ್ಕೂ ಹೆಚ್ಚು ಅರ್ಮೇನಿಯನ್ನರು ಸತ್ತರು. ಸರ್ಕಾರ 4ನೇ ವಿಧಿಯಡಿ ನೆರವು ಕೇಳಿತು, ಬಂದದ್ದು ಪರಿಶೀಲನಾ ತಂಡ. ಅದೇ ವರ್ಷದ ಜನವರಿಯಲ್ಲಿ ಕಜಾಕಿಸ್ತಾನದಲ್ಲಿ ಗಲಭೆಯಾದಾಗ ಇದೇ ಸಂಘಟನೆ ಒಂದೆರಡು ದಿನಗಳಲ್ಲಿ ಪಡೆ ಕಳಿಸಿತ್ತು. ಆ ಪಡೆಯಲ್ಲಿ ಅರ್ಮೇನಿಯಾದ ಸೈನಿಕರೂ ಇದ್ದರು. ಆ ಜನರ ಸಿಟ್ಟು ಎಲ್ಲಿಂದ ಬಂತೆಂದು ತಿಳಿಯಲು ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. ನಡುವೆ ಇನ್ನೊಂದು ದಿನಾಂಕವಿದೆ: 2022ರ ಫೆಬ್ರವರಿ 22. ಉಕ್ರೇನ್ ಮೇಲೆ ದಾಳಿಗೆ ಎರಡು ದಿನ ಮೊದಲು ರಷ್ಯಾ ಅಜರ್‌ಬೈಜಾನ್ ಜೊತೆ ಮೈತ್ರಿ ಘೋಷಣೆಗೆ ಸಹಿ ಹಾಕಿತ್ತು.

44 ದಿನಗಳ ಯುದ್ಧ

2020ರ ಸೆಪ್ಟೆಂಬರ್ 27ರಿಂದ ನವೆಂಬರ್ 10ರವರೆಗೆ ನಡೆದ ಈ ಯುದ್ಧವನ್ನು ಜಗತ್ತಿನ ಸೇನಾ ಕಾಲೇಜುಗಳು ಡ್ರೋನ್‌ಗಳಿಗಾಗಿ ಓದುತ್ತವೆ. ಅಜರ್‌ಬೈಜಾನ್ ಬಳಸಿದ ಟರ್ಕಿಯ ಬೈರಕ್ತಾರ್ ಟಿಬಿ2 ಮೇಲಿನಿಂದ ಗುರಿ ಹುಡುಕುತ್ತಿತ್ತು, ಹೊಡೆಯುತ್ತಲೂ ಇತ್ತು. ಇಸ್ರೇಲಿನ ಹಾರೋಪ್ ಗುರಿಯ ಮೇಲೆಯೇ ಬಿದ್ದು ಸಿಡಿಯುತ್ತಿತ್ತು. ಸೋವಿಯತ್ ಕಾಲದ ವಿನ್ಯಾಸದ ಓಸಾದಂಥ ವಾಯುರಕ್ಷಣಾ ವಾಹನಗಳಿಗೆ ಈ ಸಣ್ಣ, ನಿಧಾನ ಗುರಿಗಳು ಸರಿಯಾಗಿ ಕಾಣಲೇ ಇಲ್ಲ. ವಾಯುರಕ್ಷಣೆ ಕುಸಿದ ಮೇಲೆ ತೆರೆದ ಬಯಲಿನ ಟ್ಯಾಂಕು, ಫಿರಂಗಿ, ಲಾರಿಗಳಿಗೆ ಯಾವ ರಕ್ಷಣೆಯೂ ಉಳಿಯಲಿಲ್ಲ. ಅರ್ಮೇನಿಯನ್ನರ ಕಡೆ ಸುಮಾರು 3,800 ಸೈನಿಕರು ಸತ್ತರು. ಅವರಲ್ಲಿ ಬಹಳಷ್ಟು ಮಂದಿ ಕಡ್ಡಾಯ ಸೇವೆಗೆಂದು ಬಂದ 18ರಿಂದ 20ರ ವಯಸ್ಸಿನ ಹುಡುಗರು. ಅಂಕಿ ಬರೆದುಕೊಳ್ಳುವಾಗ ಈ ವಯಸ್ಸನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

ಒಂದೇ ಅಂಗಡಿಯಲ್ಲಿ ಎಲ್ಲವನ್ನೂ ಕೊಳ್ಳುವವನ ಪಾಡು ಏನಾಗುತ್ತದೆ ಎಂಬುದಕ್ಕೆ ಸುಖೋಯ್-30 ಪ್ರಸಂಗ ನೋಡಿ. 2019ರ ಕೊನೆಗೆ ನಾಲ್ಕು ಸುಖೋಯ್-30ಎಸ್‌ಎಂ ವಿಮಾನಗಳು ಬಂದವು. ಯುದ್ಧದಲ್ಲಿ ಅವು ಪ್ರಯೋಜನಕ್ಕೆ ಬರಲಿಲ್ಲ. ಅವಕ್ಕೆ ಬೇಕಾದ ಕ್ಷಿಪಣಿಗಳೇ ಯುದ್ಧಕ್ಕೆ ಮೊದಲು ಬಂದಿರಲಿಲ್ಲ ಎಂದು ಪ್ರಧಾನಿ ನಿಕೋಲ್ ಪಶಿನ್ಯಾನ್ 2021ರಲ್ಲಿ ಒಪ್ಪಿಕೊಂಡರು.

ಅಜರ್‌ಬೈಜಾನ್ ಮೇಲುಗೈ ಸಾಧಿಸಿ ಯುದ್ಧ ನಿಂತ ಮೇಲೆ, ಅರ್ಮೇನಿಯನ್ನರ ಕೈಯಲ್ಲುಳಿದ ಕರಾಬಾಖ್ ಭಾಗಕ್ಕೆ ರಷ್ಯಾದ 1,960 ಶಾಂತಿಪಾಲಕರು ಬಂದರು. ಅವರು ಅಲ್ಲಿದ್ದಾಗಲೇ, 2023ರ ಸೆಪ್ಟೆಂಬರ್ 19 ಮತ್ತು 20ರಂದು, ಅಜರ್‌ಬೈಜಾನ್ ಉಳಿದ ಕರಾಬಾಖ್ ಅನ್ನೂ ವಶಪಡಿಸಿಕೊಂಡಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಅರ್ಮೇನಿಯಾಕ್ಕೆ ಹೋದರು.

ಹೊಸ ನಂಟುಗಳು

ಇಲ್ಲಿ ಬೆಂಗಳೂರಿನ ಹೆಸರು ಬರುತ್ತದೆ. ಅರ್ಮೇನಿಯಾ ಭಾರತದಿಂದ ಕೊಂಡ ಮೊದಲ ದೊಡ್ಡ ಉಪಕರಣ ಸ್ವಾತಿ ರಾಡಾರ್. 2020ರಲ್ಲಿ ವರದಿಯಾದಂತೆ ನಾಲ್ಕು ರಾಡಾರ್‌ಗಳು, ಸುಮಾರು 4 ಕೋಟಿ ಡಾಲರ್. ವೈರಿಯ ಫಿರಂಗಿಯ ಗುಂಡು ಗಾಳಿಯಲ್ಲಿರುವಾಗಲೇ ಅದರ ಪಥವನ್ನು ಅಳೆದು, ಅದು ಎಲ್ಲಿಂದ ಹಾರಿತೆಂದು ಲೆಕ್ಕ ಹಾಕಿ ಹೇಳುವುದು ಇದರ ಕೆಲಸ. ಡಿಆರ್‌ಡಿಒದ ಬೆಂಗಳೂರು ಪ್ರಯೋಗಾಲಯ ಎಲ್‌ಆರ್‌ಡಿಇ ಇದನ್ನು ರೂಪಿಸಿತು, ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿತು. ಆಮೇಲೆ ಪಿನಾಕ ರಾಕೆಟ್ ವ್ಯವಸ್ಥೆ, 155 ಮಿ.ಮೀ. ಫಿರಂಗಿಗಳು, ಆಕಾಶ್ ಕ್ಷಿಪಣಿ. ಆಕಾಶ್ ಹೈದರಾಬಾದಿನ ಭಾರತ್ ಡೈನಾಮಿಕ್ಸ್‌ನದಾದರೂ ಅದಕ್ಕೆ ಗುರಿ ತೋರಿಸುವ ರಾಜೇಂದ್ರ ರಾಡಾರ್ ರೂಪುಗೊಂಡದ್ದು ಎಲ್‌ಆರ್‌ಡಿಇಯಲ್ಲೇ. 2020ರ ಗಾಯ ವಾಯುರಕ್ಷಣೆಯಲ್ಲಾಗಿತ್ತು, ಫಿರಂಗಿ ಬಲದಲ್ಲಾಗಿತ್ತು. ಖರೀದಿಯ ಪಟ್ಟಿಯೂ ಅದೇ ಜಾಗಗಳಿಗೆ ಮುಲಾಮು ಹುಡುಕಿದೆ.

ಭಾರತಕ್ಕೆ ಇದರಲ್ಲಿ ವ್ಯಾಪಾರದ ಜೊತೆ ಭೂರಾಜಕೀಯವೂ ಇದೆ. ಟರ್ಕಿ, ಪಾಕಿಸ್ತಾನ, ಅಜರ್‌ಬೈಜಾನ್ ಕೂಡಿ ಸಮರಾಭ್ಯಾಸ ನಡೆಸುತ್ತವೆ. ಪಾಕಿಸ್ತಾನವಂತೂ 2025ರ ಆಗಸ್ಟ್‌ವರೆಗೆ ಅರ್ಮೇನಿಯಾದೊಂದಿಗೆ ರಾಜತಾಂತ್ರಿಕ ಸಂಬಂಧವನ್ನೇ ಹೊಂದಿರಲಿಲ್ಲ.

ಫ್ರಾನ್ಸ್‌ನಿಂದ ಥೇಲ್ಸ್ ಕಂಪನಿಯ ಜಿಎಂ200 ರಾಡಾರ್, ಬಾಸ್ಟಿಯನ್ ಶಸ್ತ್ರಸಜ್ಜಿತ ವಾಹನ, ಸೀಸರ್ ಫಿರಂಗಿಗಳು ಬರುತ್ತಿವೆ. ಯುರೋಪಿಯನ್ ಒಕ್ಕೂಟದ ನಿಶ್ಶಸ್ತ್ರ ವೀಕ್ಷಕರ ತಂಡ 2023ರ ಫೆಬ್ರವರಿಯಿಂದ ಗಡಿಯಲ್ಲಿದೆ. ಅಮೆರಿಕದ ಜೊತೆ 2023ರ ಸೆಪ್ಟೆಂಬರ್‌ನಲ್ಲಿ ಈಗಲ್ ಪಾರ್ಟ್ನರ್ ಎಂಬ ಸಣ್ಣ ಸಮರಾಭ್ಯಾಸ ನಡೆಯಿತು. 2025ರ ಆಗಸ್ಟ್ 8ರಂದು ವಾಷಿಂಗ್ಟನ್‌ನಲ್ಲಿ ಪಶಿನ್ಯಾನ್ ಮತ್ತು ಅಜರ್‌ಬೈಜಾನ್ ಅಧ್ಯಕ್ಷ ಇಲ್ಹಾಮ್ ಅಲಿಯೆವ್ ಅವರ ಸಮ್ಮುಖದಲ್ಲಿ ಎರಡೂ ದೇಶಗಳ ವಿದೇಶಾಂಗ ಸಚಿವರು ಶಾಂತಿ ಒಪ್ಪಂದದ ಕರಡಿಗೆ ಕಿರುಸಹಿ ಹಾಕಿದರು. ಅರ್ಮೇನಿಯಾದ ದಕ್ಷಿಣದ ಸ್ಯೂನಿಕ್ ಪ್ರಾಂತ್ಯದ ಮೂಲಕ, ಅಜರ್‌ಬೈಜಾನ್‌ನ ಮುಖ್ಯ ನೆಲದಿಂದ ಬೇರ್ಪಟ್ಟಿರುವ ಅದರದೇ ಭಾಗವಾದ ನಖಿಚೆವಾನ್‌ಗೆ ಸಾರಿಗೆ ಮಾರ್ಗವೊಂದರ ಯೋಜನೆಯೂ ಅಲ್ಲೇ ಘೋಷಣೆಯಾಯಿತು. ಇರಾನ್‌ಗೆ ಇದು ಹಿತವಾಗಿಲ್ಲ. ಅದರ ಗಡಿಗೆ ಅಂಟಿಕೊಂಡೇ ಈ ಮಾರ್ಗ ಹೋಗಬೇಕು.

ಈಗಿನ ಸ್ಥಿತಿಯನ್ನು ಬರೆಯುವಾಗ ಎಚ್ಚರವಿರಲಿ. ಯೆರೆವಾನ್‌ನ ಜ್ವಾರ್ಟ್‌ನೋಟ್ಸ್ ವಿಮಾನ ನಿಲ್ದಾಣದಿಂದ ರಷ್ಯಾದ ಗಡಿ ಕಾವಲುಗಾರರು 2024ರ ಜುಲೈ 31ಕ್ಕೆ ಹೊರಟರು. 2025ರ ಜನವರಿ 1ರಿಂದ ಇರಾನ್ ಗಡಿಯ ಅಗಾರಕ್ ತಪಾಸಣಾ ಠಾಣೆಯೂ ಅರ್ಮೇನಿಯನ್ನರ ಕೈಗೆ ಬಂತು. ಸಿಎಸ್‌ಟಿಒದಲ್ಲಿ ಭಾಗವಹಿಸುವುದನ್ನು ನಿಲ್ಲಿಸಿರುವುದಾಗಿ ಪಶಿನ್ಯಾನ್ 2024ರ ಫೆಬ್ರವರಿಯಲ್ಲಿ ಹೇಳಿದರು, ವಂತಿಗೆ ಕಟ್ಟುವುದನ್ನೂ ಸರ್ಕಾರ ನಿಲ್ಲಿಸಿತು. ಹಾಗೆಂದು "ಅರ್ಮೇನಿಯಾ ಸಿಎಸ್‌ಟಿಒ ತೊರೆಯಿತು" ಎಂದು ಉತ್ತರ ಪತ್ರಿಕೆಯಲ್ಲಿ ಬರೆದರೆ ತಪ್ಪಾಗುತ್ತದೆ. 2024ರಲ್ಲಿ ಆದದ್ದು ಅಷ್ಟೇ, ಸದಸ್ಯತ್ವ ರದ್ದಾಗಲಿಲ್ಲ. ಗ್ಯುಮ್ರಿ ನೆಲೆಯ ಒಪ್ಪಂದವೂ ಹಾಗೆಯೇ ಉಳಿಯಿತು. ಅದರ ಅವಧಿ ಮುಗಿಯುವುದು 2044ಕ್ಕೆ.