ಕನಸು ನಿಜವಾಯ್ತು ಅಂತ ನರಳುವವರಿಗೆ

"ಡಾಕ್ಟ್ರೇ, ನಂಗೆ ಮೊದಲೇ ಗೊತ್ತಾಗಿತ್ತು. ಯಾರಿಗೂ ಹೇಳಲಿಲ್ಲ." ಮನೋವೈದ್ಯನಾಗಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಅಪ್ಪ ಹೋದ ಹಾಗೆ ಕನಸು ಬಿದ್ದಿರುತ್ತದೆ, ನಾಲ್ಕು ದಿನಕ್ಕೆ ಅಪ್ಪ ನಿಜಕ್ಕೂ ತೀರಿಕೊಂಡಿರುತ್ತಾರೆ. ಆಮೇಲೆ ಮಗಳಿಗೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ದುಃಖಕ್ಕಿಂತ ಜಾಸ್ತಿ ನನ್ನಿಂದಲೇ ತಪ್ಪಾಯ್ತು ಅನ್ನುವ ಕೊರಗು.

ಸುಮ್ನೆ ಮೂಢನಂಬಿಕೆ ಅಂದು ಅವರನ್ನು ಕಳಿಸಬಾರದು. ನಾನು ಕೇಳುವುದು ಒಂದೇ: ಅದಕ್ಕೆ ಮುಂಚಿನ ವಾರ ಅಪ್ಪ ಹೇಗಿದ್ದರು? ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಕಾಲು ಊದಿತ್ತು ಅನ್ನುತ್ತಾರೆ. ಕಣ್ಣು ಅದನ್ನೆಲ್ಲ ನೋಡಿದೆ, ಮನಸ್ಸು ಹೆದರಿದೆ, ಆ ಹೆದರಿಕೆಯೇ ರಾತ್ರಿ ಕನಸಾಗಿದೆ.

1966ರ ಅಕ್ಟೋಬರ್ 21ರಂದು ಬ್ರಿಟನ್ನಿನ ವೇಲ್ಸ್‌ನಲ್ಲಿ, ಅಬರ್‌ಫ್ಯಾನ್ ಅನ್ನುವ ಹಳ್ಳಿಯ ಶಾಲೆಯ ಮೇಲೆ ಕಲ್ಲಿದ್ದಲು ಗಣಿಯ ಕಸದ ಗುಡ್ಡ ಜಾರಿ ಬಿತ್ತು. ಸತ್ತವರು 144 ಜನ, ಅವರಲ್ಲಿ 116 ಮಕ್ಕಳು. ಇದು ಮೊದಲೇ ಗೊತ್ತಾಗಿದ್ದವರು ಬರೆಯಿರಿ ಎಂದು ಜಾನ್ ಬಾರ್ಕರ್ ಅನ್ನುವ ಮನೋವೈದ್ಯರು ಪತ್ರಿಕೆಯ ಮೂಲಕ ಕೇಳಿದಾಗ 76 ಪತ್ರ ಬಂದವು. ಆದರೆ ಅವು ಬಂದದ್ದು ದುರಂತ ಆದಮೇಲೆ, ಅಲ್ವಾ? ಅದಕ್ಕೇ ಅವರು 1967ರಲ್ಲಿ, ಘಟನೆಗೆ ಮೊದಲೇ ಬರೆದು ಕಳಿಸಿ ಎಂದು ಒಂದು ಕಚೇರಿಯನ್ನೇ ಶುರು ಮಾಡಿದರು. ಅಲ್ಲಿಗೆ ಬಂದ ಭವಿಷ್ಯಗಳಲ್ಲಿ ಹೆಚ್ಚಿನವು ನಿಜವಾಗಲಿಲ್ಲ.

ನನ್ನ ಕರುಳು ಹಿಂಡುವುದು ಬೇರೆಯೇ ಒಂದು ಪತ್ರ. ಶಾಲೆಯ ಹಿಂದೆ ಗಣಿ ಕೆಸರು ಸುರಿಯುವುದು ಅಪಾಯ ಎಂದು ಅಲ್ಲಿನ ಪುರಸಭೆಯ ಎಂಜಿನಿಯರ್ 1963ರಲ್ಲೇ ಬರೆದಿದ್ದರು. ಅವರಿಗೆ ಕನಸು ಬಿದ್ದಿರಲಿಲ್ಲ, ಗುಡ್ಡವನ್ನು ನೋಡಿದ್ದರು ಅಷ್ಟೇ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 6.11 ಕೋಟಿ ಜನ. ಒಂದು ರಾತ್ರಿ ಹತ್ತು ಲಕ್ಷ ಜನರಲ್ಲಿ ಒಬ್ಬರ ಕನಸು ಮಾತ್ರ ಆಕಸ್ಮಿಕವಾಗಿ ನಿಜವಾಗುತ್ತದೆ ಅಂತ ಇಟ್ಟುಕೊಂಡರೂ ದಿನಕ್ಕೆ ಅರವತ್ತೊಂದು ಜನ ಬೆಚ್ಚಿಬೀಳುತ್ತಾರೆ. ಮಿಕ್ಕ ಕನಸುಗಳು ಹಲ್ಲುಜ್ಜುವಷ್ಟರಲ್ಲಿ ಮರೆತುಹೋಗಿರುತ್ತವೆ.

ಆದರೆ ಎದುರಿಗೆ ಅಳುತ್ತ ಕೂತವರಿಗೆ ಲೆಕ್ಕ ನಾಟುವುದಿಲ್ಲ. ಅದಕ್ಕೇ ಒಂದು ನೋಟ್‌ಬುಕ್ ಕೊಡುತ್ತೇನೆ, ಎದ್ದ ತಕ್ಷಣ ತಾರೀಖು ಹಾಕಿ ಕನಸು ಬರೆದಿಡಿ ಅಂತ. ಹಾಗೆ ಮೂರು ತಿಂಗಳು ಬರೆದ ಒಬ್ಬರು ಪುಟ ತಿರುಗಿಸುತ್ತ ಹೋದರು. ಅದರಲ್ಲಿ ಗಂಡ ಎರಡು ಸಲ ಸತ್ತಿದ್ದರು, ಮಗ ಬಾವಿಗೆ ಬಿದ್ದಿದ್ದ. ಇಬ್ಬರೂ ಆರಾಮಾಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಆಕೆ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಆಸ್ಪತ್ರೆಗೆ ಹೋಗೋಣ ಅಂತ ನಾನು ಎರಡು ಸಲ ಕರೆದಿದ್ದೆ ಡಾಕ್ಟ್ರೇ. ಅಪ್ಪಾನೇ ಬೇಡ ಅಂದ್ರು."