ಗಾಡ್ಜಿಲ್ಲಾನನ್ನು ಎಬ್ಬಿಸಿದ್ದು ಯಾರು?

ಟೋಕಿಯೋದ ಒಂದು ರೈಲು. ಒಳಗೆ ಒಬ್ಬ ಯುವತಿ ಜೊತೆಯವರ ಹತ್ತಿರ ಗೊಣಗುತ್ತಿದ್ದಾಳೆ. ವಿಷದ ಟ್ಯೂನಾ ಮೀನು ಆಯ್ತು, ವಿಕಿರಣದ ಮಳೆ ಆಯ್ತು, ಈಗ ಇದೊಂದು ಬೇರೆ. ಅದು ಟೋಕಿಯೋಗೆ ಬಂದರೆ ಮೊದಲು ಬಲಿಯಾಗೋದು ನೀನೇ ಎಂದು ಪಕ್ಕದವನು ರೇಗಿಸುತ್ತಾನೆ. ನಾಗಾಸಾಕಿಯಲ್ಲಿ ಹೇಗೋ ಜೀವ ಉಳಿಸಿಕೊಂಡು ಬಂದವಳು ನಾನು ಎನ್ನುತ್ತಾಳೆ ಅವಳು. ಮತ್ತೆ ಊರು ಬಿಟ್ಟು ಓಡಬೇಕಲ್ಲ ಎಂದು ಇನ್ನೊಬ್ಬನ ಬೇಸರ.

ಒಂದು ನಿಮಿಷವೂ ಇಲ್ಲದ ಈ ದೃಶ್ಯ ಇರುವುದು 1954ರ ನವೆಂಬರ್ 3ರಂದು ಜಪಾನಿನಲ್ಲಿ ತೆರೆಕಂಡ ‘ಗೊಜಿರ’ದಲ್ಲಿ. ನಾವೆಲ್ಲ ಗಾಡ್ಜಿಲ್ಲಾ ಎಂದು ಕರೆಯುವ ಪ್ರಾಣಿಯ ಮೊದಲ ಸಿನಿಮಾ. ನಾಗಾಸಾಕಿಯ ಮೇಲೆ ಬಾಂಬ್ ಬಿದ್ದು ಆಗ ಬರೀ ಒಂಬತ್ತು ವರ್ಷ. ಎರಡು ವರ್ಷದ ನಂತರ ಇದೇ ಸಿನಿಮಾ ಅಮೆರಿಕದ ಟಾಕೀಸುಗಳಿಗೆ ಬಂದಾಗ ಆ ಯುವತಿಯ ಮಾತು ಅದರಲ್ಲಿ ಇರಲಿಲ್ಲ.

ಹಳೇ ರಾಕ್ಷಸ ಪ್ರಾಣಿಗಳ ಸಿನಿಮಾಗಳನ್ನು ಈಗ ಮತ್ತೆ ಹಾಕಿ ನೋಡುವವರು ಜಾಸ್ತಿ. ಹೆಚ್ಚಿನವರು ನೋಡುವುದು ಗ್ರಾಫಿಕ್ಸ್ ಇಲ್ಲದ ಕಾಲದಲ್ಲಿ ಇದನ್ನೆಲ್ಲ ಹೇಗೆ ಮಾಡಿದರು ಎಂಬ ಕುತೂಹಲಕ್ಕೆ. ಅದೂ ನೋಡಬೇಕಾದದ್ದೇ. ಆದರೆ ಗಾಡ್ಜಿಲ್ಲಾ ಸಿನಿಮಾಗಳನ್ನು ವರ್ಷದ ಕ್ರಮದಲ್ಲಿ ನೋಡುತ್ತಾ ಹೋದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಈ ಪ್ರಾಣಿಯನ್ನು ಎಬ್ಬಿಸಿದ್ದು ಯಾರು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಸಿಕ್ಕಿದೆ. ಬಾಂಬಿನ ಮೇಲಿದ್ದ ಆರೋಪ ಮೆಲ್ಲಗೆ ಜಾರಿಹೋಗಿದೆ.

ಆ ಯುವತಿ ಹೇಳಿದ ವಿಷದ ಮೀನು ಕಟ್ಟುಕಥೆಯಲ್ಲ. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳ ದ್ವೀಪದಲ್ಲಿ ಜಲಜನಕ ಬಾಂಬ್ ಸಿಡಿಸಿತು. ವಿಜ್ಞಾನಿಗಳ ಅಂದಾಜಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿ, 15 ಮೆಗಾಟನ್ ಶಕ್ತಿಯಲ್ಲಿ ಅದು ಸಿಡಿಯಿತು. ಅಂದರೆ ಹಿರೋಶಿಮಾದ ಬಾಂಬಿನ ಸುಮಾರು ಸಾವಿರ ಪಟ್ಟು. ಅಪಾಯದ ವಲಯ ಎಂದು ಅಮೆರಿಕವೇ ಗೆರೆ ಹಾಕಿದ್ದ ಜಾಗದ ಆಚೆ ‘ದೈಗೊ ಫುಕುರ್ಯು ಮಾರು’ ಎಂಬ ಜಪಾನಿ ದೋಣಿ ಟ್ಯೂನಾ ಹಿಡಿಯುತ್ತಿತ್ತು. ಸೂರ್ಯ ಹುಟ್ಟುವ ಮೊದಲೇ ದಿಗಂತ ಬೆಳಗಿತು. ಕೆಲವು ಗಂಟೆಗಳ ನಂತರ ಆಕಾಶದಿಂದ ಬಿಳಿ ಬೂದಿ ಉದುರಿತು. ದೋಣಿಯಲ್ಲಿದ್ದ 23 ಜನರ ಮೈ, ತಲೆ, ಹಿಡಿದ ಮೀನು ಎಲ್ಲದರ ಮೇಲೂ ಅದೇ ಬೂದಿ. ಎರಡು ವಾರದ ನಂತರ ಯಾಯಿಜು ಬಂದರಿಗೆ ಮರಳಿದಾಗ ಎಲ್ಲರೂ ಕಾಯಿಲೆ ಬಿದ್ದಿದ್ದರು. ಅವರು ತಂದ ಮೀನು ಅಷ್ಟರಲ್ಲಿ ಮಾರುಕಟ್ಟೆ ಸೇರಿತ್ತು. ಮೀನೇ ಮುಖ್ಯ ಊಟವಾದ ದೇಶದಲ್ಲಿ ಜನ ಮೀನು ಮುಟ್ಟಲು ಹೆದರಿದರು. ಟನ್‌ಗಟ್ಟಲೆ ಟ್ಯೂನಾವನ್ನು ಹೂಳಬೇಕಾಯಿತು. ದೋಣಿಯ ರೇಡಿಯೋ ಆಪರೇಟರ್ ಐಕಿಚಿ ಕುಬೊಯಾಮ ಸೆಪ್ಟೆಂಬರ್ 23ರಂದು ಆಸ್ಪತ್ರೆಯಲ್ಲಿ ತೀರಿಕೊಂಡರು.

ಈ ಸುದ್ದಿ ನಮ್ಮ ದೇಶವನ್ನೂ ಕಲಕಿತ್ತು. ಆ ಏಪ್ರಿಲ್ 2ರಂದು ಜವಾಹರಲಾಲ್ ನೆಹರೂ ಲೋಕಸಭೆಯಲ್ಲಿ ಎದ್ದು ನಿಂತು, ಇಂಥ ಪರೀಕ್ಷೆಗಳನ್ನು ಸದ್ಯಕ್ಕಾದರೂ ನಿಲ್ಲಿಸುವ ಒಪ್ಪಂದವಾಗಲಿ ಎಂದು ಕೇಳಿದರು. ಜಪಾನಿನಲ್ಲಿ ಸಾಮಾನ್ಯ ಜನ ಸಹಿ ಸಂಗ್ರಹಕ್ಕೆ ಇಳಿದರು. ಟೋಕಿಯೋದ ಸುಗಿನಾಮಿ ಬಡಾವಣೆಯ ಗೃಹಿಣಿಯರು ಮುಂದೆ ನಿಂತು ನಡೆಸಿದ ಆ ಚಳವಳಿಯಲ್ಲಿ 1955ರ ಆಗಸ್ಟ್ ಹೊತ್ತಿಗೆ 3 ಕೋಟಿಗೂ ಹೆಚ್ಚು ಸಹಿ ಬಿದ್ದವು.

ತೊಹೊ ಕಂಪನಿಯ ನಿರ್ಮಾಪಕ ತೊಮೊಯುಕಿ ತನಾಕ ಆಗ ಪೇಚಿಗೆ ಸಿಕ್ಕಿದ್ದರು. ಇಂಡೊನೇಷ್ಯಾ ಜೊತೆ ಸೇರಿ ಮಾಡಬೇಕಿದ್ದ ದೊಡ್ಡ ಸಿನಿಮಾ ಕೊನೆ ಗಳಿಗೆಯಲ್ಲಿ ಕೈತಪ್ಪಿತ್ತು. ಆ ಖಾಲಿ ಜಾಗಕ್ಕೆ ಅವರಿಗೆ ಹೊಳೆದದ್ದು, ಬಾಂಬ್ ಪರೀಕ್ಷೆಯಿಂದ ಸಮುದ್ರದಾಳದಲ್ಲಿ ಎಚ್ಚರಗೊಂಡ ಪ್ರಾಣಿಯ ಕಥೆ. ಬಾಂಬಿನಿಂದ ಎಚ್ಚರಗೊಳ್ಳುವ ಪ್ರಾಣಿ ಅದರ ಹಿಂದಿನ ವರ್ಷ ಹಾಲಿವುಡ್‌ನಲ್ಲೂ ಬಂದಿತ್ತು, ಹಾಗಾಗಿ ಎಳೆ ಹೊಸದೇನೂ ಅಲ್ಲ. ಹೊಸತನ ಬಂದದ್ದು ಅದನ್ನು ಮಾಡಿದವರಿಂದ.

ನಿರ್ದೇಶಕ ಇಶಿರೊ ಹೊಂಡ ವರ್ಷಗಟ್ಟಲೆ ಸೈನ್ಯದಲ್ಲಿದ್ದವರು. ಯುದ್ಧ ಮುಗಿದಾಗ ಚೀನಾದಲ್ಲಿ ಸೆರೆಯಲ್ಲಿದ್ದರು. 1946ರಲ್ಲಿ ಊರಿಗೆ ಮರಳುವ ದಾರಿಯಲ್ಲಿ ಹಿರೋಶಿಮಾವನ್ನು ಹಾದು ಬಂದರು. ಸ್ಪೆಷಲ್ ಎಫೆಕ್ಟ್ಸ್ ತಂತ್ರಗಳ ಹೊಣೆ ಹೊತ್ತ ಐಜಿ ತ್ಸುಬುರಾಯನ ಕಥೆ ಇನ್ನೂ ಕಾಡುವಂಥದ್ದು. 1942ರಲ್ಲಿ, ಪರ್ಲ್ ಹಾರ್ಬರ್ ದಾಳಿಯನ್ನು ಹೊಗಳುವ ಯುದ್ಧದ ಸಿನಿಮಾಕ್ಕೆ ಪುಟ್ಟ ಹಡಗು, ಪುಟ್ಟ ಬಂದರು ಕಟ್ಟಿ ಬೆಂಕಿ ಹಚ್ಚಿದವನು ಆತ. ಅದಕ್ಕಾಗಿಯೇ ಯುದ್ಧದ ನಂತರ ಅಮೆರಿಕದ ಆಡಳಿತ ಆತನನ್ನು ಸ್ಟುಡಿಯೋದಿಂದ ದೂರ ಇಟ್ಟಿತ್ತು. ಅದೇ ಕೈಗಳು ಈಗ 1:25ರ ಅಳತೆಯಲ್ಲಿ ಟೋಕಿಯೋ ಕಟ್ಟಿ ಸುಟ್ಟವು.

ಕಿಂಗ್ ಕಾಂಗ್ ಥರ ಬೊಂಬೆಯನ್ನು ಒಂದೊಂದೇ ಫ್ರೇಮ್ ಕದಲಿಸುತ್ತಾ ತೆಗೆಯುವುದು ತ್ಸುಬುರಾಯನ ಆಸೆ. ಅದಕ್ಕೆ ಏಳು ವರ್ಷ ಬೇಕು ಎಂದು ಆತನೇ ಲೆಕ್ಕ ಹೇಳಿದ. ಇದ್ದದ್ದು ಕೆಲವೇ ತಿಂಗಳು. ಹಾಗಾಗಿ ಮನುಷ್ಯನಿಗೆ ವೇಷ ತೊಡಿಸುವುದೇ ದಾರಿಯಾಯಿತು. ಮೊದಲ ವೇಷ 100 ಕೆಜಿಯ ಆಸುಪಾಸು ತೂಗುತ್ತಿತ್ತು, ಬಗ್ಗಲೂ ಆಗುತ್ತಿರಲಿಲ್ಲ. ಅದರೊಳಗೆ ಹೊಕ್ಕು ಹತ್ತು ಹೆಜ್ಜೆ ಇಡುವುದರಲ್ಲೇ ನಟ ಹರುವೊ ನಕಾಜಿಮ ಸುಸ್ತಾಗುತ್ತಿದ್ದರು. ಸುಡುವ ದೀಪಗಳ ಕೆಳಗೆ ಬೆವರು ವೇಷದೊಳಗೇ ತುಂಬಿಕೊಳ್ಳುತ್ತಿತ್ತು. ನಡಿಗೆ ಕಲಿಯಲು ಅವರು ಉಎನೊ ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳನ್ನು ನೋಡುತ್ತಿದ್ದರು. ಕ್ಯಾಮೆರಾ ಜೋರಾಗಿ ಓಡಿಸಿ ತೆಗೆದು ಮಾಮೂಲಿ ವೇಗದಲ್ಲಿ ತೋರಿಸಿದ್ದರಿಂದ ಪ್ರತಿ ಹೆಜ್ಜೆಗೂ ಭಾರ ಬಂತು. ಆ ಪ್ರಸಿದ್ಧ ಘರ್ಜನೆ ಯಾವ ಪ್ರಾಣಿಯದ್ದೂ ಅಲ್ಲ. ಸಂಗೀತ ನಿರ್ದೇಶಕ ಅಕಿರ ಇಫುಕುಬೆಯ ತಂಡ ದೊಡ್ಡ ಡಬಲ್ ಬಾಸ್ ವಾದ್ಯದ ತಂತಿ ಸಡಿಲಿಸಿ, ಅಂಟು ಸವರಿದ ಚರ್ಮದ ಕೈಗವಸಿನಿಂದ ಉಜ್ಜಿ ಹೊರಡಿಸಿದ ಸದ್ದು ಅದು.

ಈಗ ನೋಡುವವರಿಗೆ ಕೆಲವು ಕಡೆ ಗುಟ್ಟು ಗೊತ್ತಾಗಿಬಿಡುತ್ತದೆ. ಕಥೆಯಲ್ಲಿ ಬರುವ ಓಡೊ ದ್ವೀಪದ ಗುಡ್ಡದ ಹಿಂದಿನಿಂದ ಮೊದಲ ಸಲ ತಲೆ ಎತ್ತುವಾಗ ಅದು ಕೈಗೊಂಬೆ ಎಂದು ಯಾರಾದರೂ ಹೇಳಬಹುದು. ನನ್ನ ಮಟ್ಟಿಗೆ ಅದು ಮುಖ್ಯವೇ ಅಲ್ಲ. ಏಕೆಂದರೆ ಹೊಂಡ ಕ್ಯಾಮೆರಾವನ್ನು ಪದೇಪದೇ ಪ್ರಾಣಿಯಿಂದ ಕೆಳಗಿಳಿಸಿ ಮನುಷ್ಯರ ಮೇಲೆ ಇಡುತ್ತಾರೆ. ಉರಿಯುವ ಟೋಕಿಯೋದ ಗಿಂಜಾ ಬಡಾವಣೆಯಲ್ಲಿ ಒಬ್ಬ ತಾಯಿ ಮಕ್ಕಳನ್ನು ತಬ್ಬಿ ಕೂತು, ಇನ್ನೇನು ಅಪ್ಪನ ಹತ್ತಿರ ಹೋಗಿಬಿಡ್ತೀವಿ ಎಂದು ಸಮಾಧಾನ ಹೇಳುತ್ತಾಳೆ. ಗಂಡ ಯುದ್ಧದಲ್ಲಿ ಸತ್ತಿದ್ದಾನೆ ಎಂದು ಬಿಡಿಸಿ ಹೇಳುವ ಅಗತ್ಯ ಆಗಿನ ಪ್ರೇಕ್ಷಕರಿಗೆ ಇರಲಿಲ್ಲ. ಮರುದಿನ ಆಸ್ಪತ್ರೆಯ ನೆಲದ ತುಂಬ ಗಾಯಾಳುಗಳು. ವಿಕಿರಣ ಅಳೆಯುವ ಯಂತ್ರವನ್ನು ಒಂದು ಮಗುವಿನ ಹತ್ತಿರ ಹಿಡಿಯುತ್ತಾರೆ. ಅದು ಟಕಟಕ ಎನ್ನುತ್ತದೆ. ಹಿಡಿದವರು ಸುಮ್ಮನೆ ತಲೆ ಅಲ್ಲಾಡಿಸುತ್ತಾರೆ. ಮಗು ನೋಡಲು ಚೆನ್ನಾಗಿಯೇ ಇದೆ. ಇಷ್ಟು ಕಠಿಣವಾದ ದೃಶ್ಯ ಮುಂದೆ ಬಂದ ಎಷ್ಟೋ ದುಬಾರಿ ಸಿನಿಮಾಗಳಲ್ಲಿ ನನಗೆ ಸಿಕ್ಕಿಲ್ಲ.

ಟೋಕಿಯೋ ಮೇಲಿನ ಆ ದಾಳಿಯ ಕೊನೆಗೆ ಗಾಡ್ಜಿಲ್ಲಾ ಸುಮಿದಾ ನದಿಯತ್ತ ಸಾಗಿ ಸೇತುವೆ ಮಗುಚಿ ಸಮುದ್ರ ಸೇರುತ್ತದೆ. 1945ರ ಮಾರ್ಚ್ 10ರ ರಾತ್ರಿ ಅಮೆರಿಕದ ವಿಮಾನಗಳು ಸುರಿಸಿದ ಬೆಂಕಿಯಲ್ಲಿ ಸುಮಾರು ಒಂದು ಲಕ್ಷ ಜನ ಸತ್ತಿದ್ದು ಈ ನದಿಯ ಅಕ್ಕಪಕ್ಕದ ಬಡಾವಣೆಗಳಲ್ಲೇ. ಟಿಕೆಟ್ ಕೊಂಡು ಕೂತವರಲ್ಲಿ ಎಷ್ಟೋ ಜನ ಆ ರಾತ್ರಿ ಕಂಡವರು. ಇದು ದುರಂತವನ್ನು ಕಾಸು ಮಾಡಿಕೊಳ್ಳುವ ಕೆಲಸ ಎಂದು ಆಗ ಕೆಲವು ಜಪಾನಿ ವಿಮರ್ಶಕರು ಬೈದರು. ಆದರೂ 96 ಲಕ್ಷ ಟಿಕೆಟ್ ಮಾರಾಟವಾಯಿತು.

ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ಇಡೀ ಸಿನಿಮಾದಲ್ಲಿ ಬಾಂಬ್ ಸಿಡಿಸಿದ ದೇಶ ಯಾವುದು ಎಂದು ಯಾರೂ ಹೇಳುವುದಿಲ್ಲ. ಅಮೆರಿಕದ ಆಡಳಿತ ಜಪಾನ್ ಬಿಟ್ಟದ್ದು 1952ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಅಣುಬಾಂಬಿನ ಬಗ್ಗೆ ಬರೆಯುವುದಕ್ಕೂ ಸೆನ್ಸಾರ್ ಹಿಡಿತ ಇತ್ತು. ಹೊಂಡ ಹೆಸರು ಹೇಳದೆಯೇ ಸಂಸತ್ತಿನ ಒಂದು ದೃಶ್ಯದಲ್ಲಿ ಎಲ್ಲವನ್ನೂ ಹೇಳಿಬಿಟ್ಟರು. ಪ್ರಾಣಿಗೂ ಜಲಜನಕ ಬಾಂಬಿಗೂ ಇರುವ ಸಂಬಂಧ ಹೊರಬಂದರೆ ಬೇರೆ ದೇಶಗಳ ಜೊತೆ ಸಂಬಂಧ ಕೆಡುತ್ತದೆ, ಮುಚ್ಚಿಡಿ ಎನ್ನುತ್ತಾನೆ ಒಬ್ಬ ರಾಜಕಾರಣಿ. ಜನರಿಗೆ ಸತ್ಯ ಹೇಳಲೇಬೇಕು ಎಂದು ಮಹಿಳೆಯರು ಎದ್ದು ಕೂಗುತ್ತಾರೆ. ನಿಜ ಜೀವನದಲ್ಲಿ ಆದದ್ದೂ ಹಾಗೇ. 1955ರ ಜನವರಿಯಲ್ಲಿ ಅಮೆರಿಕ ಜಪಾನಿಗೆ 20 ಲಕ್ಷ ಡಾಲರ್ ಕೊಟ್ಟಿತು, ಆದರೆ ಕಾನೂನಿನ ಪ್ರಕಾರ ತಾನು ಹೊಣೆ ಎಂದು ಒಪ್ಪದೆ.

ಹಂಚಿಕೆದಾರರು ಈ ಸಿನಿಮಾವನ್ನು ಅಮೆರಿಕಕ್ಕೆ ಕೊಂಡುಹೋದದ್ದು ಬರೀ 25,000 ಡಾಲರ್‌ಗೆ. ಅಲ್ಲಿನವರಿಗೆ ತಮ್ಮವನೊಬ್ಬ ಬೇಕು ಎಂದು ನಟ ರೇಮಂಡ್ ಬರ್‌ನನ್ನು ಪತ್ರಕರ್ತನ ಪಾತ್ರದಲ್ಲಿ ಸೇರಿಸಿದರು. ಹೊಸದಾಗಿ ತೆಗೆದ ಆತನ ದೃಶ್ಯಗಳಲ್ಲಿ ಜಪಾನಿ ಪಾತ್ರಗಳು ಬೆನ್ನು ತೋರಿಸಿ ನಿಲ್ಲುತ್ತವೆ, ಏಕೆಂದರೆ ಅವರು ಮೂಲ ನಟರಲ್ಲ, ಅವರ ಬದಲಿಗೆ ನಿಂತ ಬೇರೆ ಜನ. 96 ನಿಮಿಷದ ಸಿನಿಮಾ 80 ನಿಮಿಷ ಆಯಿತು. ಪರೀಕ್ಷೆಗಳೇ ಪ್ರಾಣಿಯನ್ನು ಎಬ್ಬಿಸಿದವು ಎಂಬ ಒಂದು ಮಾತು ಉಳಿಯಿತು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಸಂಸತ್ತಿನ ಜಗಳ ಹೋಯಿತು. ನಾಗಾಸಾಕಿಯ ಯುವತಿ ಹೋದಳು. ಕೊನೆಯಲ್ಲಿ ವಿಜ್ಞಾನಿ ಡಾಕ್ಟರ್ ಯಮಾನೆ ಪಾತ್ರದ ತಕಾಶಿ ಶಿಮುರಾ, ಪರೀಕ್ಷೆಗಳು ಹೀಗೇ ನಡೆದರೆ ಜಗತ್ತಿನಲ್ಲಿ ಎಲ್ಲೋ ಇನ್ನೊಂದು ಪ್ರಾಣಿ ಎದ್ದೀತು ಎಂದು ನೋವಿನಿಂದ ಹೇಳುವ ಮಾತೂ ಹೋಯಿತು. ಅದರ ಜಾಗದಲ್ಲಿ ಅಪಾಯ ಕಳೆಯಿತು, ಜಗತ್ತು ಇನ್ನು ನೆಮ್ಮದಿಯಾಗಿ ಬದುಕಬಹುದು ಎಂಬ ಅರ್ಥದ ಹಿನ್ನೆಲೆ ಧ್ವನಿ. ಅದು 1956. ಅದೇ ವರ್ಷ ಬಿಕಿನಿಯಲ್ಲಿ ಅಮೆರಿಕ ಮತ್ತೆ ಸಾಲು ಸಾಲು ಬಾಂಬ್ ಸಿಡಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬಿನಿಂದ ಬದುಕುಳಿದವರು ನಾಗಾಸಾಕಿಯಲ್ಲಿ ಸೇರಿ, ಬಾಯಿ ಬಿಟ್ಟು ಮಾತಾಡುವುದಕ್ಕೆಂದೇ ಒಂದು ಸಂಘಟನೆ ಕಟ್ಟಿದರು. 2024ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ನಿಹೊನ್ ಹಿದಾಂಕ್ಯೊ ಅದೇ.

ಮೂಲ ಸಿನಿಮಾ ಅಮೆರಿಕದ ಟಾಕೀಸುಗಳಲ್ಲಿ ಸರಿಯಾಗಿ ಬಿಡುಗಡೆಯಾಗಲು 2004 ಬರಬೇಕಾಯಿತು. ಅಷ್ಟರಲ್ಲಿ ಜಪಾನಿನಲ್ಲೇ ಗಾಡ್ಜಿಲ್ಲಾ ಬದಲಾಗಿಹೋಗಿತ್ತು. ಅರವತ್ತರ ದಶಕದಲ್ಲಿ ಕಿಂಗ್ ಕಾಂಗ್ ಜೊತೆ ಕುಸ್ತಿ, ಆಮೇಲೆ ಬೇರೆ ಲೋಕದ ಪ್ರಾಣಿಗಳಿಂದ ಭೂಮಿಯನ್ನು ಕಾಯುವ ಕೆಲಸ, ಮಕ್ಕಳ ಗೆಳೆತನ. ಅವುಗಳಲ್ಲಿ ಮಜಾ ಇದೆ. 1971ರಲ್ಲಿ ಮಾಲಿನ್ಯ ತಿಂದು ಬೆಳೆದ ಹೆಡೋರಾ ಎಂಬ ಪ್ರಾಣಿ ಬಂದಾಗ ಸಿಟ್ಟೂ ಸ್ವಲ್ಪ ಮರಳಿತ್ತು. ಉಳಿದಂತೆ ಬಾಂಬ್ ಹಿಂದೆ ಸರಿಯಿತು.

ನಮ್ಮಲ್ಲಿ ಅನೇಕರಿಗೆ ಗಾಡ್ಜಿಲ್ಲಾ ಪರಿಚಯವಾದದ್ದು ಹಾಲಿವುಡ್ ಮೂಲಕ. 1998ರ ಸಿನಿಮಾ ತಪ್ಪನ್ನು ಫ್ರಾನ್ಸ್ ಮೇಲೆ ಹಾಕಿತು. ಪಾಲಿನೇಷ್ಯಾದಲ್ಲಿ ಫ್ರಾನ್ಸ್ ಬಾಂಬ್ ಪರೀಕ್ಷೆ ಮಾಡಿದ್ದು ನಿಜ. ಆದರೆ ಬಿಕಿನಿಯಿಂದ ಶುರುವಾದ ಕಥೆಯನ್ನು ಅಮೆರಿಕ ಮತ್ತೆ ಹೇಳುವಾಗ ಬಿಕಿನಿಯೇ ಕಾಣೆಯಾದದ್ದು ಸಣ್ಣ ಸಂಗತಿಯಲ್ಲ. 2014ರ ಸಿನಿಮಾ ಇನ್ನೂ ಮುಂದೆ ಹೋಯಿತು. ಅದರ ಪ್ರಕಾರ 1954ರ ಪೆಸಿಫಿಕ್ ಸ್ಫೋಟಗಳು ಪರೀಕ್ಷೆಗಳೇ ಆಗಿರಲಿಲ್ಲ. ಗಾಡ್ಜಿಲ್ಲಾನನ್ನು ಕೊಲ್ಲಲು ನಡೆದ ಪ್ರಯತ್ನ! ಹಿರೋಶಿಮಾದಲ್ಲಿ 8:15ಕ್ಕೆ ನಿಂತುಹೋದ ಗಡಿಯಾರವನ್ನು ಒಂದು ದೃಶ್ಯದಲ್ಲಿ ತೋರಿಸುವ ಸಿನಿಮಾವೇ ಇದನ್ನೂ ಹೇಳುತ್ತದೆ. 2019ರ ಮುಂದಿನ ಭಾಗದಲ್ಲಿ ಸಾಯಲು ಬಿದ್ದ ಗಾಡ್ಜಿಲ್ಲಾನಿಗೆ ಜೀವ ಬರುವುದು ಅಣುಬಾಂಬ್ ಸಿಡಿಸಿದ ಮೇಲೆ. ಮೊದಲ ಸಿನಿಮಾದಲ್ಲಿ ಅಪರಾಧಿಯಾಗಿದ್ದ ಬಾಂಬ್ ಇಲ್ಲಿ ಮದ್ದು.

ಇದು ನನಗೆ ತುಂಬಾ ನೋವು ಕೊಡುತ್ತದೆ. ಸುಮ್ನೆ ಮನರಂಜನೆ ಅಲ್ವಾ ಎಂದು ಬಿಟ್ಟುಬಿಡಲು ಆಗುವುದಿಲ್ಲ. ಮಾರ್ಚ್ 1ರ ಬೂದಿ ಮೀನುಗಾರರ ಮೇಲೆ ಮಾತ್ರ ಬೀಳಲಿಲ್ಲ. ಮಾರ್ಷಲ್ ದ್ವೀಪಗಳ ರಾಂಗೆಲಾಪ್‌ನಲ್ಲಿ ಮಕ್ಕಳ ಮೇಲೂ ಬಿತ್ತು. ಅವರನ್ನು ಅಲ್ಲಿಂದ ಕರೆದೊಯ್ದದ್ದು ಎರಡು ದಿನ ಕಳೆದ ಮೇಲೆ. ಅವರ ಊರು ಹಾಳಾದದ್ದು ಜಗತ್ತನ್ನು ಉಳಿಸಲು ಎಂದು ಕಥೆ ಕಟ್ಟುವುದು ಅವರಿಗೆ ಮಾಡುವ ಅನ್ಯಾಯ.

ಜಪಾನಿನವರು ಈಚೆಗೆ ಮತ್ತೆ ಮೊದಲಿನ ಪ್ರಶ್ನೆಗೆ ಮರಳಿದ್ದಾರೆ. 2016ರ ಸಿನಿಮಾದಲ್ಲಿ, 2011ರ ಸುನಾಮಿ ಮತ್ತು ಫುಕುಶಿಮಾ ಅಣುಸ್ಥಾವರದ ದುರಂತ ಕಂಡ ದೇಶ ತನ್ನ ಅಧಿಕಾರಿಗಳ ಸಭೆ, ಕಡತ, ತಡ ಎಲ್ಲವನ್ನೂ ಪರದೆಯ ಮೇಲೆ ಇಟ್ಟಿತು. 2023ರಲ್ಲಿ ತಕಾಶಿ ಯಮಜಾಕಿ ನಿರ್ದೇಶಿಸಿದ ‘ಗಾಡ್ಜಿಲ್ಲಾ ಮೈನಸ್ ಒನ್’ ನಡೆಯುವುದು ಯುದ್ಧ ಸೋತು ಬೂದಿಯಾದ ಜಪಾನಿನಲ್ಲಿ. ಅದರಲ್ಲಿ ಗಾಡ್ಜಿಲ್ಲಾ ದೈತ್ಯನಾಗುವುದು 1946ರ ಬಿಕಿನಿ ಸ್ಫೋಟದಿಂದ. ಈ ಸಲ ದೇಶದ ಹೆಸರನ್ನೂ ಮುಚ್ಚಿಟ್ಟಿಲ್ಲ.

2024ರ ಮಾರ್ಚ್‌ನಲ್ಲಿ ಈ ಸಿನಿಮಾಕ್ಕೆ ವಿಷುವಲ್ ಎಫೆಕ್ಟ್ಸ್‌ಗಾಗಿ ಆಸ್ಕರ್ ಬಂತು. ಅದೇ ಸಂಜೆ ಅದೇ ವೇದಿಕೆಯಲ್ಲಿ ಅತ್ಯುತ್ತಮ ಚಿತ್ರ ಎನಿಸಿಕೊಂಡದ್ದು ‘ಓಪನ್‌ಹೈಮರ್’. ಬಾಂಬ್ ಮಾಡಿದವನ ಸಂಕಟದ ಕಥೆ ಅದು, ಹಿರೋಶಿಮಾ ಅದರ ಪರದೆಯ ಮೇಲೆ ಕಾಣುವುದಿಲ್ಲ. ಇವೆರಡನ್ನೂ ನೋಡಿದವರು 1954ರ ಸಿನಿಮಾವನ್ನೂ ಹುಡುಕಿ ನೋಡಬೇಕು ಎಂಬುದು ನನ್ನ ಕೋರಿಕೆ. ಅದರಲ್ಲಿರುವ ವಿಜ್ಞಾನಿ ಸೆರಿಜಾವ, ತಾನು ಕಂಡುಹಿಡಿದ ಅಸ್ತ್ರದ ಟಿಪ್ಪಣಿಗಳನ್ನು ಸುಟ್ಟು, ಅದನ್ನು ಬಳಸುವಾಗ ತಾನೂ ಸಮುದ್ರದ ಅಡಿಯಲ್ಲೇ ಉಳಿದುಬಿಡುತ್ತಾನೆ, ಆ ಜ್ಞಾನ ಇನ್ನೊಬ್ಬರ ಕೈ ಸೇರದಿರಲಿ ಎಂದು. ಹುಡುಕುವಾಗ ಮೊದಲು ಅವಧಿ ನೋಡಿ. 96 ನಿಮಿಷ ಇದ್ದರೆ ಹೊಂಡ ಮಾಡಿದ್ದು. 80 ನಿಮಿಷ ಇದ್ದರೆ ರೇಮಂಡ್ ಬರ್ ಇರುವುದು. ಸಾಧ್ಯವಾದರೆ ಎರಡನ್ನೂ ನೋಡಿ, ಹೊಂಡ ಅವರದ್ದನ್ನು ಮೊದಲು.