ಚದರದ ರೇಟಿನಲ್ಲಿ ಪಾಯ ಎಷ್ಟು ಅಡಿ?

ಮನೆ ಕಟ್ಟಿಸಬೇಕೆಂದು ನನ್ನ ಆಫೀಸಿಗೆ ಬರುವವರಲ್ಲಿ ಹೆಚ್ಚಿನವರು ಕುರ್ಚಿ ಎಳೆದುಕೊಳ್ಳುವ ಮೊದಲೇ ಕೇಳುತ್ತಾರೆ: “ಸಾರ್, ಚದರಕ್ಕೆ ಎಷ್ಟಾಗುತ್ತೆ?” ಕಳೆದ ವರ್ಷ ಬಂದ ನಿವೃತ್ತ ಮೇಷ್ಟ್ರು ರೇಟು ವಿಚಾರಿಸುವ ಕೆಲಸವನ್ನೂ ಮುಗಿಸಿಕೊಂಡೇ ಬಂದಿದ್ದರು. ಮೂವರು ಕಾಂಟ್ರಾಕ್ಟರ್‌ಗಳ ರೇಟು ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಇತ್ತು. ಎಲ್ಲರಿಗಿಂತ ಕಡಿಮೆ ಹೇಳಿದವನ ಹೆಸರಿನ ಮುಂದೆ ಕೆಂಪು ಇಂಕಿನ ರೈಟ್ ಮಾರ್ಕ್ ಬೇರೆ.

“ಮೇಷ್ಟ್ರೇ, ಈ ರೇಟಿನಲ್ಲಿ ಪಾಯ ಎಷ್ಟು ಅಡಿ?” ಎಂದೆ. ಅವರು ಹಾಳೆ ತಿರುವಿ ನೋಡಿದರು. ಅಲ್ಲಿ ಏನೂ ಬರೆದಿರಲಿಲ್ಲ.

ಚದರ ಅಂದರೆ ನೂರು ಚದರ ಅಡಿ. 30×40 ಸೈಟಿನಲ್ಲಿ ಸುತ್ತ ಜಾಗ ಬಿಟ್ಟು ಒಂದು ಮಹಡಿಗೆ 8 ಚದರ ಸಿಕ್ಕಿತು ಅನ್ನಿ, ಎರಡು ಮಹಡಿಗೆ 16. ಲೆಕ್ಕ ಸುಲಭವಾಗಲಿ ಅಂತ ಚದರಕ್ಕೆ 2 ಲಕ್ಷ ಹಿಡಿದರೆ 32 ಲಕ್ಷ. ಕಾಗದದ ಮೇಲೆ ಮನೆ ಮುಗಿಯಿತು. ಆದರೆ ಈ ರೇಟು ನೆಲದ ಮೇಲೆ ಕಾಣುವುದನ್ನು ಅಳೆಯುತ್ತದೆ, ನೆಲದ ಒಳಗೆ ಏನಿದೆ ಅಂತ ಅದಕ್ಕೆ ಗೊತ್ತಿಲ್ಲ.

ದಾವಣಗೆರೆಯಲ್ಲಿ ಇದೇ ದೊಡ್ಡ ವಿಷಯ. ನಮ್ಮ ಎಷ್ಟೋ ಹೊಸ ಬಡಾವಣೆಗಳು ಮೊನ್ನೆ ಮೊನ್ನೆವರೆಗೂ ಹೊಲ, ಗದ್ದೆ. ಬಹಳ ಕಡೆ ಎರೆ ಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಭಾರದ ಕಟ್ಟಡ ಹೇಗೋ ಅದನ್ನು ಅದುಮಿ ಕೂರುತ್ತದೆ. ಒಂದು ಮಹಡಿಯ ಹಗುರ ಮನೆಯನ್ನು ಮಾತ್ರ ಈ ಮಣ್ಣು ಎತ್ತಿಬಿಡುತ್ತದೆ. “ನಮ್ದು ಸಣ್ಣ ಮನೆ ಸಾರ್, ಪಾಯ ಸುಮ್ನೆ ಮೂರಡಿ ಸಾಕು” ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಅದೇ ಚಿತ್ರದುರ್ಗದಲ್ಲಿ ಎಷ್ಟೋ ಸೈಟಿನಲ್ಲಿ ಮೂರು ನಾಲ್ಕು ಅಡಿಗೇ ಗಟ್ಟಿ ನೆಲ. ಬಂಡೆ ಎದ್ದರೆ ಅದನ್ನು ಒಡೆಯುವ ಬ್ರೇಕರ್ ಯಂತ್ರದ ಬಾಡಿಗೆಯ ಚಿಂತೆ, ಅದು ಬೇರೆ ಕಥೆ. ಎರಡೂ ಊರಿಗೆ ಫೋನಿನಲ್ಲೇ ಒಂದೇ ರೇಟು ಹೇಳುವವರಿದ್ದಾರೆ!

ಹಾಗಾಗಿ ಕೊಟೇಶನ್ ಕೇಳುವ ಮೊದಲು ಜೆಸಿಬಿ ತರಿಸಿ ಒಂದು ಗುಂಡಿ ತೆಗೆಸಿ. ಒಂದೆರಡು ಗಂಟೆಯ ಬಾಡಿಗೆ ಅಷ್ಟೇ. ಗುಂಡಿ ನೋಡಿ ಎಂಜಿನಿಯರ್ ಪಾಯದ ಡ್ರಾಯಿಂಗ್ ಮಾಡಲಿ. ಅನುಮಾನ ಬಂದರೆ ಮಣ್ಣಿನ ಪರೀಕ್ಷೆ ಆಗಲಿ. ಅಗ್ರಿಮೆಂಟಿನಲ್ಲಿ “ಇಷ್ಟು ಅಡಿವರೆಗೆ ಚದರದ ರೇಟು, ಅದರ ಕೆಳಗೆ ಹೋದರೆ ಇಂತಿಷ್ಟು” ಅಂತ ಮೊದಲೇ ಬರೆಸಿ.

ಇನ್ನೊಂದು ಮೋಸ ಕಣ್ಣಿಗೇ ಬೀಳುವುದಿಲ್ಲ. ಪಾಯ ತೆಗೆದಾಗ ಬಂದ ಎರೆ ಮಣ್ಣನ್ನು ಸಾಗಿಸಲು ದುಡ್ಡು ಬೇಕು, ತುಂಬಲು ಗರಸು (ಉಬ್ಬದ, ಕಲ್ಲು ಬೆರೆತ ಗಟ್ಟಿ ಮಣ್ಣು) ತರಿಸಲೂ ದುಡ್ಡು ಬೇಕು. ಎರಡನ್ನೂ ಉಳಿಸಲು ಅದೇ ಮಣ್ಣನ್ನು ಪ್ಲಿಂತ್ ಒಳಗೆ, ಅಂದರೆ ಮನೆಯ ನೆಲದ ಅಡಿಗೆ, ತುಂಬಿ ಮೇಲೆ ಕಾಂಕ್ರೀಟ್ ಹಾಕುತ್ತಾರೆ. ಗೃಹಪ್ರವೇಶದ ದಿನ ಎಲ್ಲ ಚೆನ್ನಾಗಿಯೇ ಇರುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಹಾಲ್‌ನ ಟೈಲ್ಸ್ ಎದ್ದು ಟಪ್ ಟಪ್ ಅನ್ನುತ್ತದೆ. ಆಗ ಬೈಸಿಕೊಳ್ಳುವವನು ಪಾಪ ಟೈಲ್ಸ್ ಹಾಕಿದವನು. ಮಣ್ಣು ತುಂಬುವ ದಿನ ರಜೆ ಹಾಕಿಯಾದರೂ ಸೈಟಿನಲ್ಲಿ ಇರಿ.

ನೆಲದ ಮೇಲಿನ ಲೆಕ್ಕದಲ್ಲೂ ತೂತುಗಳಿವೆ. ಪೋರ್ಟಿಕೋ, ಬಾಲ್ಕನಿಗೆ ಪೂರ್ತಿ ರೇಟಾ, ಅರ್ಧವಾ? ಸಂಪು, ಕಾಂಪೌಂಡು, ಗೇಟು ಸೇರಿದೆಯಾ? ಸಾಮಾನ್ಯವಾಗಿ ಸೇರಿರುವುದಿಲ್ಲ. ಬೋರ್‌ವೆಲ್, ಬೆಸ್ಕಾಂ ಕರೆಂಟ್ ಕನೆಕ್ಷನ್, ಪ್ಲಾನ್ ಶುಲ್ಕ ನಿಮ್ಮ ತಲೆಯ ಮೇಲೆ. ಸ್ವಂತ ವಾಸದ ಮನೆಯ ಖರ್ಚು 50 ಲಕ್ಷ ದಾಟಿದರೆ (2025ರ ನವೆಂಬರ್‌ವರೆಗೆ ಈ ಮಿತಿ 10 ಲಕ್ಷ ಇತ್ತು) ಕಟ್ಟಡ ಕಾರ್ಮಿಕರ ಸೆಸ್ ಶೇ. 1 ಕೂಡ ಇದೆ. ಸ್ವಂತದ ಒಂಟಿ ಮನೆಗೆ ಬರೀ ಲೇಬರ್ ಕಾಂಟ್ರಾಕ್ಟ್ ಕೊಟ್ಟರೆ ಆ ಕೂಲಿಗೆ ಜಿಎಸ್‌ಟಿ ಇಲ್ಲ. ಮೆಟೀರಿಯಲ್ ಸಮೇತ ಕೊಟ್ಟರೆ ಜಿಎಸ್‌ಟಿ ಬಿಲ್ ಹಾಕುವ ಕಾಂಟ್ರಾಕ್ಟರ್ ಶೇ. 18 ಸೇರಿಸುತ್ತಾನೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ರೇಟು ಹಿಡಿದು ಯಾರಾದರೂ ಮಾತಾಡಿದರೆ ಇದನ್ನು ನೆನಪಿಸಿ.

ದುಡ್ಡು ಕೊಡುವ ಕ್ರಮಕ್ಕೆ ಬರೋಣ. ನಾನು ನೋಡಿದ ಜಗಳಗಳೆಲ್ಲ ಮೋಲ್ಡ್, ಅಂದರೆ ಛಾವಣಿಯ ಕಾಂಕ್ರೀಟ್, ಆದ ಮೇಲೆ ಶುರುವಾದವು. ಮೋಲ್ಡ್ ಬಿದ್ದ ದಿನ ಸಿಹಿ ಹಂಚುತ್ತೇವೆ, ಮನೆ ಆಗೇ ಹೋಯ್ತು ಅನ್ನಿಸುತ್ತದೆ, ಕೇಳಿದಷ್ಟು ಕೊಟ್ಟುಬಿಡುತ್ತೇವೆ. ನಿಜದಲ್ಲಿ ಪ್ಲಾಸ್ಟರಿಂಗ್, ವೈರಿಂಗ್, ಟೈಲ್ಸ್, ಬಾಗಿಲು, ಪೇಂಟ್ ಸೇರಿ ಹೆಚ್ಚುಕಡಿಮೆ ಅರ್ಧ ಖರ್ಚು ಇನ್ನೂ ಮುಂದಿರುತ್ತದೆ. ಮುಕ್ಕಾಲು ದುಡ್ಡು ಕೈಗೆ ಸಿಕ್ಕ ಕಾಂಟ್ರಾಕ್ಟರ್ ಇನ್ನೊಂದು ಸೈಟಿಗೆ ಹುಡುಗರನ್ನು ಕಳಿಸಿದರೆ ಏನು ಮಾಡುತ್ತೀರಿ? ಮುಗಿದ ಕೆಲಸಕ್ಕೆ ಮಾತ್ರ ಕಂತು ಕೊಡಿ. ಕೊನೆಯ ಶೇ. 5 ಒಂದು ಮಳೆಗಾಲ ಕಳೆಯುವವರೆಗೆ ನಿಮ್ಮ ಹತ್ತಿರವೇ ಇರಲಿ. ಸಾಲ ತೆಗೆದವರು ಬ್ಯಾಂಕಿನ ಹಂತಗಳನ್ನೇ ಅಗ್ರಿಮೆಂಟಿಗೂ ಹಾಕಿಸಿ. ಬ್ಯಾಂಕು ಕೆಲಸ ನೋಡಿ ಕೊಡುತ್ತದೆ, ಕಾಂಟ್ರಾಕ್ಟರ್ ಮೊದಲೇ ಕೇಳುತ್ತಾನೆ, ನಡುವಿನ ಅಂತರ ತುಂಬಲು ಜನ ಬಡ್ಡಿ ಸಾಲಕ್ಕೆ ಓಡುತ್ತಾರೆ.

ಕಬ್ಬಿಣ ನೀವೇ ತರಿಸುವುದಾದರೆ ಒಂದು ಲೆಕ್ಕ ಗೊತ್ತಿರಲಿ. ರಾಡಿನ ಎಂಎಂ ಅನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರ್‌ನ ತೂಕ ಸಿಗುತ್ತದೆ. 12 ಎಂಎಂ ರಾಡ್ ಮೀಟರ್‌ಗೆ ಸುಮಾರು 0.89 ಕೆಜಿ, 12 ಮೀಟರ್ ಉದ್ದದ್ದು 10.67 ಕೆಜಿ. ರಾಡ್ ಎಣಿಸಿ, ಬಿಲ್ಲಿನ ತೂಕಕ್ಕೆ ಹೋಲಿಸಿ. ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಜಾಸ್ತಿ ಇದ್ದರೆ ಕೇಳಿ.

ಮೇಷ್ಟ್ರ ಸೈಟಿನಲ್ಲಿ ಗುಂಡಿ ತೆಗೆದಾಗ ಆರಡಿಗೂ ಎರೆ ಮಣ್ಣೇ ಬಂತು. ಮೂವರನ್ನೂ ಕರೆಸಿ ಗುಂಡಿ ತೋರಿಸಿದೆವು. ರೈಟ್ ಮಾರ್ಕ್ ಬಿದ್ದವನು ಬಗ್ಗಿ ನೋಡಿ, “ಇದು ಆ ರೇಟಿಗೆ ಆಗಲ್ಲ ಸಾರ್” ಎಂದ. ಅವನನ್ನು ಬೈಯುವ ಹಾಗಿಲ್ಲ, ಮೊದಲು ಅವನಿಗೆ ಯಾರೂ ಮಣ್ಣು ತೋರಿಸಿರಲಿಲ್ಲ. ಕೊನೆಗೆ ನಡುವಿನ ರೇಟಿನವನಿಗೆ, ಪಾಯವನ್ನೂ ಗರಸನ್ನೂ ಬೇರೆಯಾಗಿ ಬರೆಸಿ, ಕೆಲಸ ಕೊಟ್ಟರು. ಈಗ ಲಿಂಟಲ್ (ಬಾಗಿಲು, ಕಿಟಕಿಗಳ ಮೇಲಿನ ಕಾಂಕ್ರೀಟ್ ತೊಲೆ) ಮುಗಿದಿದೆ. ಮೇಷ್ಟ್ರು ದಿನಾ ಸಂಜೆ ಸೈಟಿಗೆ ಹೋಗಿ, ಅದೇ ಪುಸ್ತಕದಲ್ಲಿ ಸಿಮೆಂಟ್ ಚೀಲಗಳ ಹಾಜರಿ ತೆಗೆಯುತ್ತಾರೆ. ಮೇಸ್ತ್ರಿಗೆ ಸ್ವಲ್ಪ ಕಿರಿಕಿರಿ.